ಎರಡನೇ ಮರ್ಲಿನ್

ಜುಲೈ ಮಳೆ ಗಾಳಿಗೆ ನಮ್ಮ ತಾರಸಿ ಮೇಲಿನ ಡಿಶ್ಶು ಆಕಾಶ ನೋಡೋದು ಬಿಟ್ಟು ಪಕ್ಕದ ಮನೆಯವರ ತೆಂಗಿನಮರ ನೋಡತೊಡಗಿತ್ತು. ರಿಪೇರಿ ಹುಡುಗನಿಗೆ ಫೋನ್ ಮಾಡಿದರೆ, "ಮಳೆ ನಿಲ್ಲಲಿ ಅಕ್ಕ, ಬರ್ತೀನಿ" ಅಂದ. ಹಾಸನದಲ್ಲಿ ಜುಲೈ ತಿಂಗಳಲ್ಲಿ ಒಬ್ಬ ಈ ಮಾತು ಹೇಳಿದ ಅಂದರೆ ಅವನು ಬರೋಲ್ಲ ಅಂತಲೇ ಅರ್ಥ.

ಧಾರಾವಾಹಿ ಇಲ್ಲದ ಏಳು ಗಂಟೆಯನ್ನು ಏನು ಮಾಡಬೇಕೋ ಅಮ್ಮನಿಗೂ ಅಜ್ಜಿಗೂ ತಿಳಿಯಲಿಲ್ಲ. ಮೂರನೇ ದಿನ ಅಜ್ಜಿ ಗೋಡೆಯ ಕ್ಯಾಲೆಂಡರನ್ನು ಜನವರಿಯಿಂದ ಓದೋಕೆ ಶುರು ಮಾಡಿದಳು. ನನಗೆ ಹೆದರಿಕೆಯಾಯಿತು. ಅಟ್ಟ ಹತ್ತಿ ಹಳೆಯ ಡಿವಿಡಿ ಪ್ಲೇಯರ್ ಇಳಿಸಿದೆ. ತಲೆ ಮೇಲೆ ಒಂದು ಏಟು ಬಿದ್ದರೆ ಮಾತ್ರ ಬಾಯಿ ಬಿಡುವ ಜಾತಿಯದು. ಜೊತೆಗೆ ಸಿಕ್ಕಿದ್ದು ಎರಡೇ ಡಬ್ಬಿ. ಒಂದು ಅಣ್ಣನ ಮದುವೆಯದು. ಅದನ್ನು ಹಾಕಿದರೆ ಯಾರು ಎಷ್ಟು ಮುಯ್ಯಿ ಮಾಡಿದರು ಅನ್ನೋ ಲೆಕ್ಕ ಮತ್ತೆ ಎದ್ದು ಕೂರುತ್ತೆ. ಇನ್ನೊಂದು ಅತ್ತೆ ಮಗಳು ಬೆಂಗಳೂರಿಂದ ತಂದು ಮರೆತುಹೋದ 'ಸ್ಮ್ಯಾಶ್'. ಅಮೆರಿಕದ ಧಾರಾವಾಹಿ.

2012ರ ಫೆಬ್ರವರಿಯಲ್ಲಿ ಅಲ್ಲಿನ ಎನ್‌ಬಿಸಿ ಚಾನೆಲ್ಲಿನಲ್ಲಿ ಶುರುವಾಗಿದ್ದು. ನ್ಯೂಯಾರ್ಕಿನ ಒಂದಷ್ಟು ಜನ ಸೇರಿ ಹಾಲಿವುಡ್ ನಟಿ ಮರ್ಲಿನ್ ಮನ್ರೋ ಜೀವನದ ಮೇಲೆ ಹಾಡು ಕುಣಿತದ ನಾಟಕ ಕಟ್ಟೋ ಕಥೆ. ನಾಟಕದ ಹೆಸರು 'ಬಾಂಬ್‌ಶೆಲ್'. ಮರ್ಲಿನ್ ಪಾತ್ರಕ್ಕೆ ಇಬ್ಬರ ಪೈಪೋಟಿ. ಐವಿ ಅನ್ನೋಳು ವರ್ಷಗಟ್ಟಲೆ ಹಿಂದಿನ ಸಾಲಲ್ಲಿ ಕುಣಿದು ಸವೆದವಳು. ಕರೆನ್ ಅನ್ನೋಳು ಅಯೋವಾದಿಂದ ಬಂದ ಹೊಸಬಳು. ಧಾರಾವಾಹಿಯ ನಿರ್ಮಾಪಕರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಕೂಡ ಒಬ್ಬರು, ಡೈನೋಸಾರ್ ಪಿಕ್ಚರ್ ಮಾಡಿದರಲ್ಲ ಅವರೇ, ಅಂತ ಹೇಳಿ ನಾನೇ ತಪ್ಪು ಮಾಡಿದೆ. ಐದನೇ ಕಂತಿನವರೆಗೂ ಅಜ್ಜಿ ಡೈನೋಸಾರ್‌ಗೆ ಕಾದಳು.

ಅನುವಾದ ನನ್ನ ಪಾಲಿಗೆ ಬಂತು. ಅದೂ ಜೊತೆಜೊತೆಗೇ ಆಗಬೇಕು, ಒಂದು ಸಾಲೂ ಬಿಡಬಾರದು. ಕರೆನ್‌ಗೆ ಕಾಲ್‌ಬ್ಯಾಕ್ ಬಂತು ಅಂದೆ. ಆಡಿಷನ್‌ಗೆ ಮತ್ತೆ ಕರೆದಿದ್ದಾರೆ ಅಂತ ಅರ್ಥ. "ಮಿಸ್ಡ್ ಕಾಲ್ ಕೊಟ್ಟಿದ್ಲಾ?" ಅಂತ ಅಮ್ಮ ಕೇಳಿದಳು. ಇದ್ದಕ್ಕಿದ್ದಂತೆ ಯಾರೋ ಯಾರನ್ನೋ ತಬ್ಬಿಕೊಂಡು ಮುದ್ದಿಸೋ ಹೊತ್ತಿಗೆ ನಾನು ಸುಮ್ನಾದೆ. ಅಜ್ಜಿ ಬಿಡಲಿಲ್ಲ. "ಈಗೇನಂತೆ?"

"ಮಾತಾಡ್ತಿದ್ದಾರೆ ಅಜ್ಜಿ."

"ಅಷ್ಟು ಹತ್ರದಿಂದ ಮಾತಾಡಕ್ಕೆ ಅವಳಿಗೇನು ಕಿವುಡಾ?"

ಎರಡೇ ದಿನಕ್ಕೆ ಮನೆಯಲ್ಲಿ ಪಕ್ಷಗಳಾದವು. ಅಮ್ಮ ಕರೆನ್ ಕಡೆ. ಪಾಪ, ಊರು ಬಿಟ್ಟು ಬಂದ ಹುಡುಗಿ, ಜೋರಾಗಿ ಮಾತಾಡೋಕೂ ಬರಲ್ಲ ಅಂತ. ಅಜ್ಜಿ ಐವಿ ಕಡೆ. "ಅಷ್ಟು ವರ್ಷ ಪಾತ್ರೆ ತೊಳೆದೋಳು ಒಬ್ಳು, ಬಡಿಸೋ ಹೊತ್ತಿಗೆ ಸೌಟು ಇನ್ನೊಬ್ಳ ಕೈಗಾ?" ಅಂತ ಗುಡುಗಿದಳು. ಇದು ಧಾರಾವಾಹಿಯ ಮಾತೋ, ಚಿಕ್ಕಮ್ಮನ ಮಾತೋ ಅಂತ ಅಮ್ಮ ಒಂದು ಕ್ಷಣ ಯೋಚಿಸಿದಳು. ಹಾಡು ಬರೆಯೋ ಜೂಲಿಯಾ ಕಂತಿಗೊಂದು ಸ್ಕಾರ್ಫ್ ಸುತ್ತಿಕೊಂಡು ಬರುತ್ತಾಳೆ. ಅವಳನ್ನು ನೋಡಿದಾಗಲೆಲ್ಲ ಅಜ್ಜಿ, "ಆಯಮ್ಮಂಗೆ ಶುಂಠಿ ಕಷಾಯ ಮಾಡಿಕೊಡೋರು ಯಾರೂ ಇಲ್ವಾ?" ಅಂತ ನಿಜವಾಗಲೂ ನೊಂದುಕೊಳ್ಳುತ್ತಿದ್ದಳು. ಕರೆನ್‌ಳ ಗೆಳೆಯ ದೇವ್ ಭಾರತ ಮೂಲದವನು. "ನಮ್ಮೋನು!" ಅಂತ ಅಮ್ಮ ಅವನಿಗೆ ಅಳಿಯನ ಸ್ಥಾನವನ್ನೇ ಕೊಟ್ಟಿದ್ದಳು. ಬೋಸ್ಟನ್ನಿನಲ್ಲಿ ಅವನು ಐವಿಯ ಜೊತೆ ಸೇರಿದ ದಿನ ಅಮ್ಮ ರಾತ್ರಿ ಊಟಕ್ಕೆ ಬರೀ ಮೊಸರನ್ನ ಕಲಸಿಟ್ಟಳು.

ಅಮೆರಿಕದವರೂ ಈ ಧಾರಾವಾಹಿಯನ್ನು ಬೈಯುತ್ತಲೇ, ಒಂದು ಕಂತೂ ಬಿಡದೆ ನೋಡಿದರಂತೆ. ಹಾಗೆ ನೋಡೋದಕ್ಕೆ ಅಲ್ಲಿ ಒಂದು ಹೊಸ ಹೆಸರೇ ಚಾಲ್ತಿಗೆ ಬಂತು. ನಮ್ಮನೆಯಲ್ಲಿ ಅದಕ್ಕೆ ಟಿವಿ ನೋಡೋದು ಅಂತಾರೆ.

ಇಷ್ಟರಲ್ಲಿ ದುದ್ದ ಕಡೆಯ ಹಳ್ಳಿಯಿಂದ ದೊಡ್ಡಪ್ಪ ಬಂದರು. ಅವರು ಬಂದಿದ್ದು ಗೊಬ್ಬರಕ್ಕೆ ಅಂತ. ಕಂಕುಳಲ್ಲಿದ್ದದ್ದು ಮಾತ್ರ ನೂರು ಪುಟದ ನೋಟ್‌ಬುಕ್ಕು. ಊರಿನವರು ಸೇರಿ 'ಕುರುಕ್ಷೇತ್ರ' ಆಡುತ್ತಿದ್ದರು, ದೊಡ್ಡಪ್ಪ ದುರ್ಯೋಧನ. ನಮ್ಮ ಕಡೆ ಪಾತ್ರ ಮಾಡಿದವರಿಗೆ ದುಡ್ಡು ಕೊಡಲ್ಲ, ಪಾತ್ರ ಬೇಕಾದವರೇ ದುಡ್ಡು ಕಟ್ಟಬೇಕು. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಡ್ರೆಸ್ಸು, ದ್ರೌಪದಿಗೆ ಅಂತ ಕರೆಸೋ ಕಲಾವಿದೆ, ಎಲ್ಲಕ್ಕೂ ಅದರಿಂದಲೇ ಆಗಬೇಕಲ್ಲ. ಕೃಷ್ಣ, ದುರ್ಯೋಧನರಿಗೆ ರೇಟು ಜಾಸ್ತಿ. ಹೋದ ಸಲದ ಆಲೂಗಡ್ಡೆ ದುಡ್ಡು ಎಲ್ಲಿ ಹೋಯಿತು ಅಂತ ದೊಡ್ಡಮ್ಮ ಇನ್ನೂ ಹುಡುಕುತ್ತಿದ್ದರು.

ಹಾಗಾಗಿ ದೊಡ್ಡಪ್ಪ 'ಸ್ಮ್ಯಾಶ್' ನೋಡಿದ್ದು ನಮ್ಮ ಹಾಗಲ್ಲ, ವೃತ್ತಿಬಾಂಧವರ ಹಾಗೆ. ನಿರ್ಮಾಪಕಿ ಐಲೀನ್ ನಾಟಕಕ್ಕೆ ದುಡ್ಡು ಹೊಂದಿಸೋಕೆ ಮನೆಯಲ್ಲಿದ್ದ, ಡೆಗಾ ಅನ್ನೋ ಫ್ರೆಂಚ್ ಕಲಾವಿದನ ಚಿತ್ರವನ್ನೇ ಪಣಕ್ಕಿಟ್ಟಾಗ ಅವರ ಕಣ್ಣು ತುಂಬಿತು. "ನಾಟಕದ ಹುಚ್ಚು ಅಂದ್ರೆ ಅದು ಕಣವ್ವ. ಮನೇಲಿ ಹೇಳಿರಾಕಿಲ್ಲ ಅವಳೂ." ಒಂದು ಪಾತ್ರಕ್ಕೆ ಹದಿನೈದು ಕಂತು ಇಬ್ಬರು ಹುಡುಗಿಯರು ಕಣ್ಣೀರು ಹಾಕೋದು ಮಾತ್ರ ಅವರಿಗೆ ಅರ್ಥವೇ ಆಗಲಿಲ್ಲ.

"ಇದಕ್ಯಾಕೆ ಇಷ್ಟೊಂದು ರಂಪ? ಒಂದನೇ ಮರ್ಲಿನ್ ಅವಳು, ಎರಡನೇ ಮರ್ಲಿನ್ ಇವಳು. ಅರ್ಧಕ್ಕೆ ಬದಲಾಯ್ಸಿದ್ರಾಯ್ತು. ದುಡ್ಡೂ ಎರಡು ಕಡೆಯಿಂದ ಬರುತ್ತೆ."

ನಮ್ಮ ಊರುಗಳಲ್ಲಿ ಇದು ಮಾಮೂಲಿ. ಒಂದನೇ ಕೃಷ್ಣ ಸಂಧಾನಕ್ಕೆ ಹೋದರೆ ಎರಡನೇ ಕೃಷ್ಣ ಗೀತೆ ಹೇಳುತ್ತಾನೆ. ಜನ ಏನೂ ತಕರಾರು ಮಾಡಲ್ಲ. ಸ್ಪೀಲ್‌ಬರ್ಗ್ ಅವರಿಗೆ ದುದ್ದ ಕಡೆ ಒಬ್ಬ ಪರಿಚಯದವರಿದ್ದಿದ್ದರೆ ಧಾರಾವಾಹಿ ಎರಡನೇ ಕಂತಿಗೇ ಮುಗಿಯುತ್ತಿತ್ತು.

ಸಿನಿಮಾ ತಾರೆ ರೆಬೆಕಾ ಬಂದು ಪಾತ್ರ ಕಿತ್ತುಕೊಳ್ಳೋದು, ಕೊನೆಗೆ ಕಡ್ಲೆಕಾಯಿ ಅಲರ್ಜಿಯಿದ್ದ ಅವಳ ಜ್ಯೂಸಿನಲ್ಲಿ ಅದೇ ಬೆರೆತು ಅವಳು ಆಸ್ಪತ್ರೆ ಸೇರೋದು, ಇದೆಲ್ಲ ಬಂದಾಗ ನಾವು ನಾಲ್ಕೂ ಜನ ಮೊರದ ತುಂಬ ಬೇಯಿಸಿದ ಕಡ್ಲೆಕಾಯಿ ಸುಲಿಯುತ್ತಿದ್ದೆವು. ಯಾರ ಕೈಯೂ ನಿಲ್ಲಲಿಲ್ಲ. "ಕಡ್ಲೆಕಾಯಿ ತಿಂದು ಯಾರಾದ್ರೂ ಸಾಯ್ತಾರಾ? ಸುಮ್ನೆ ಕಥೆ ಎಳೀತವ್ರೆ" ಅಂತ ದೊಡ್ಡಪ್ಪ ಇನ್ನೊಂದು ಹಿಡಿ ತೆಗೆದುಕೊಂಡರು. ಕಡ್ಲೆಕಾಯಿ ಹಾಕಿದ ಎಲಿಸ್ ಅನ್ನೋ ಸಹಾಯಕನನ್ನು ಕಂಡರೆ ಅಮೆರಿಕದವರಿಗೂ ಆಗುತ್ತಿರಲಿಲ್ಲ, ಎರಡನೇ ಸೀಸನ್ನಿಗೆ ಅವನನ್ನೂ ದೇವ್‌ನನ್ನೂ ಕೈಬಿಟ್ಟರು ಅಂದೆ. ದೊಡ್ಡಪ್ಪನ ಮುಖ ಗಂಭೀರವಾಯಿತು.

"ನೋಡೋರು ಬೈದ್ರೆ ಪಾರ್ಟ್ ತೆಗ್ದುಬಿಡ್ತಾರಾ? ದುಡ್ಡು ವಾಪಸ್ಸು ಕೊಡ್ತಾರಾ?"

ಹದಿಮೂರು ವರ್ಷ ಕಳೆದ ಮೇಲೆ, 2025ರಲ್ಲಿ, ಇದೇ 'ಸ್ಮ್ಯಾಶ್' ನ್ಯೂಯಾರ್ಕಿನ ನಾಟಕದ ಬೀದಿ ಬ್ರಾಡ್‌ವೇಯಲ್ಲಿ ನಿಜವಾದ ನಾಟಕವೂ ಆಯಿತು, ಏಪ್ರಿಲ್‌ನಲ್ಲಿ ಉದ್ಘಾಟನೆಯಾಗಿ ಜೂನ್‌ನಲ್ಲೇ ನಿಂತುಹೋಯಿತು ಅಂತಲೂ ಹೇಳಿದೆ. ಅವರು ಮರುಗುತ್ತಾರೆ ಅಂದುಕೊಂಡಿದ್ದೆ. "ಎರಡು ತಿಂಗ್ಳು ಆಡಿದ್ರಾ!" ಅಂತ ಬೆರಗಾದರು. ಅವರದ್ದು ಮೂರು ತಿಂಗಳು ಪ್ರಾಕ್ಟೀಸು, ಒಂದು ದಿನ ನಾಟಕ.

ಇನ್ನು ನನ್ನ ಅಪರಾಧದ ವಿಷಯ. ಐಲೀನ್‌ಗೆ ಒಂದು ಅಭ್ಯಾಸವಿದೆ. ಮಾಜಿ ಗಂಡ ಎದುರಿಗೆ ಸಿಕ್ಕಿದರೆ ಕೈಯಲ್ಲಿರೋ ಲೋಟದ್ದನ್ನು ಅವನ ಮುಖಕ್ಕೆ ಎರಚುತ್ತಾಳೆ. ದೊಡ್ಡಪ್ಪ ಆ ಕಂತು ತಪ್ಪಿಸಿಕೊಂಡಿದ್ದರು. "ಹೆಂಗೆ ಎರಚಿದ್ಲು, ವಸಿ ಮಾಡಿ ತೋರ್ಸವ್ವ" ಅಂದರು. ನಾನು ಟೀಪಾಯಿ ಮೇಲಿದ್ದ ಸ್ಟೀಲ್ ಲೋಟ ಎತ್ತಿ, ಕತ್ತು ಕೊಂಕಿಸಿ, ಥೇಟ್ ಐಲೀನ್ ಥರಾ ಬೀಸಿದೆ. ಲೋಟ ಖಾಲಿ ಅಂದುಕೊಂಡಿದ್ದೆ. ಅದರಲ್ಲಿ ಅಜ್ಜಿ ಆರಲಿ ಅಂತ ಇಟ್ಟಿದ್ದ ಕಾಫಿ ಪೂರ್ತಿ ಇತ್ತು. ದೊಡ್ಡಪ್ಪ ಭೀಮನ ಗದೆ ತಪ್ಪಿಸೋ ಅಭ್ಯಾಸದಲ್ಲಿ ಚಕ್ಕನೆ ಬಗ್ಗಿದರು. ಕಾಫಿ ಅವರ ಹಿಂದಿದ್ದ ನೋಟ್‌ಬುಕ್ಕಿನ ಮೇಲೆ ಬಿತ್ತು.

ಬಾಲ್‌ಪೆನ್ನಲ್ಲಿ ಬರೆದಿದ್ದರೆ ಉಳಿಯುತ್ತಿತ್ತು. ಪಾಪ, ಶ್ರದ್ಧೆಯಿಂದ ಇಂಕ್ ಪೆನ್ನಲ್ಲಿ ಬರೆದಿದ್ದರು. ನೀಲಿ ಅಕ್ಷರ ಕಾಫಿಯಲ್ಲಿ ಕರಗಿ ಹಸಿರು ಹೊಳೆಯಾಗಿ ಹರಿದವು. ನಾನು ಪುಸ್ತಕ ಎತ್ತಿ ಕಣ್ಣಿಗೆ ಒತ್ತಿಕೊಂಡೆ, ಹಣೆಗೂ ಬಣ್ಣವಾಯಿತು. ಅಮ್ಮ ಇಸ್ತ್ರಿ ಪೆಟ್ಟಿಗೆ ತಂದು ಪುಟ ಒಣಗಿಸಿದಳು. ಹಾಳೆ ಗರಿಗರಿಯಾಯಿತು, ಹಪ್ಪಳದ ಹಾಗೆ. ಅದರ ಮೇಲೆ ಒಂದು ಅಕ್ಷರವೂ ಇರಲಿಲ್ಲ. "ಹೋಗ್ಲಿ ಬಿಡವ್ವ, ಬಾಯಿಪಾಠ ಆಗೈತೆ" ಅಂದರು ದೊಡ್ಡಪ್ಪ. ಅಜ್ಜಿಯೊಬ್ಬಳು, "ನನ್ ಕಾಫಿ?" ಅಂದಳು.

ನಾಟಕ ಹಾಸನಾಂಬ ಕಲಾಕ್ಷೇತ್ರದಲ್ಲಿ. ಬೆಳಿಗ್ಗೆ ಹನ್ನೊಂದಕ್ಕೆ ಅಂತ ಫ್ಲೆಕ್ಸಿನಲ್ಲಿತ್ತು, ತೆರೆ ಎದ್ದಾಗ ಹನ್ನೆರಡೂವರೆ. ಫ್ಲೆಕ್ಸಿನಲ್ಲಿ ದೊಡ್ಡಪ್ಪನ ಕಿರೀಟದ ಫೋಟೊ ನೋಡಿದ ಮೇಲೆ ಆಲೂಗಡ್ಡೆ ದುಡ್ಡಿನ ಹುಡುಕಾಟ ಮುಗಿದಿತ್ತು. ದೊಡ್ಡಮ್ಮ ಮೊದಲನೇ ಸಾಲಿನಲ್ಲಿ ತುಟಿ ಬಿಗಿದು ಕೂತಿದ್ದರು. ಗುಬ್ಬಿ ವೀರಣ್ಣನವರು ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ನಮ್ಮಲ್ಲಿ ಬಂದದ್ದು ಸನ್ಮಾನ ಮಾಡಿಸಿಕೊಳ್ಳೋ ಗಣ್ಯರು, ಪ್ರತಿ ಎರಡು ಸೀನಿಗೆ ಒಂದು ತಂಡ.

ದುರ್ಯೋಧನ ಬಂದ. ಮೊದಲ ಹಾಡಿಗೇ ಶಿಳ್ಳೆ. ಆಮೇಲೆ ಆ ಪುಟ ಬಂತು. ಮೇಷ್ಟ್ರು ಹಾರ್ಮೋನಿಯಂನಲ್ಲಿ ಸಾಲು ಎತ್ತಿಕೊಟ್ಟರು. ದೊಡ್ಡಪ್ಪ ಸುಮ್ಮನೆ ನಿಂತರು. ಮೇಷ್ಟ್ರು ಮತ್ತೆ ಬಾರಿಸಿದರು. ದೊಡ್ಡಪ್ಪನ ಎಡ ಮೀಸೆ ಮಾತ್ರ ಅದುರುತ್ತಿತ್ತು. ನಾನು ಸೀಟಿನಲ್ಲಿ ಕೆಳಕ್ಕೆ ಜಾರಿದೆ. ಮೂರನೇ ಸಲ ಮೇಷ್ಟ್ರು ಕಣ್ಣು ಬಿಟ್ಟು ಬಾರಿಸುವಾಗ ಹಿಂದಿನ ಸಾಲಿನಿಂದ ಒಬ್ಬರು, "ಏನ್ ಕೋಪ ತುಂಬವ್ನೆ ನೋಡ್ಲಾ ಮುಖದಲ್ಲಿ!" ಅಂದರು. ಚಪ್ಪಾಳೆ ಶುರುವಾಯಿತು. ಯಾರೋ ಓಡಿಹೋಗಿ ನೋಟಿನ ಹಾರ ಹಾಕಿದರು. "ಒನ್ಸ್ ಮೋರ್!" ಅಂತ ಕೂಗಿದರು.

ದೊಡ್ಡಪ್ಪ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಮುಂದೆ ಬಂದು, ಇನ್ನೊಂದು ಸಲ ಸುಮ್ಮನೆ ನಿಂತರು.

ಈ ಗಲಾಟೆಗೆ ಸೈಡ್‌ವಿಂಗಿನಲ್ಲಿದ್ದ ಎರಡನೇ ದುರ್ಯೋಧನ ತನ್ನ ಸೀನೇ ಬಂತು ಅಂದುಕೊಂಡನೋ, ಇವರನ್ನು ಪಾರು ಮಾಡೋಣ ಅಂದುಕೊಂಡನೋ, ಗದೆ ಹೊತ್ತು ಧಡಧಡ ಬಂದೇಬಿಟ್ಟ. ಅದೇ ಕಿರೀಟ, ಅದೇ ಮೀಸೆ, ಅದೇ ಕೆಂಪು ವೆಲ್ವೆಟ್ಟು. ಇಬ್ಬರೂ ಎದುರಾಬದುರಾ ನಿಂತರು. ಶಕುನಿ ಒಬ್ಬರ ಕಾಲಿಗೆ ನಮಸ್ಕಾರ ಮಾಡಿ, ಸಂಶಯ ಬಂದು ಇನ್ನೊಬ್ಬರ ಕಾಲಿಗೂ ಮಾಡಿದ.

ಅಜ್ಜಿ ಕನ್ನಡಕ ಒರೆಸಿ ಹಾಕಿಕೊಂಡು ನನ್ನ ತೋಳು ಹಿಡಿದೆಳೆದಳು.

"ಇವರಲ್ಲಿ ಐವಿ ಯಾರೆ?"