ಬೂತಾಯಿ ಕಾಣೆ

ನಮ್ಮ ಮನೆ ಮಲ್ಪೆಯ ಹತ್ತಿರ. ಅಮ್ಮ ಬಂದರಿನ ಕಡೆ ಹೋಗಿ ಮೀನು ತರುತ್ತಾರೆ. ಯಾವ ಮೀನಿಗೆ ಎಷ್ಟು ರೇಟು ಎಂದು ಹಳೇ ಕ್ಯಾಲೆಂಡರಿನ ಹಿಂದೆ ಬರೆದಿಡುವುದು ಅವರ ಅಭ್ಯಾಸ. ಮನೆಯಲ್ಲೇ ಕೂತು ಕಂಪ್ಯೂಟರ್ ಕುಟ್ಟುವ ಮಗನಿಗೆ ಇದು ನೋಡಲಾಗಲಿಲ್ಲ. "ಇರಮ್ಮ, ನಾನು ಪ್ರೋಗ್ರಾಮ್ ಮಾಡಿ ಕೊಡ್ತೇನೆ" ಎಂದೆ. ಸುಮ್ನೆ ಇರಬಹುದಿತ್ತು.

ಸಿ ಪ್ಲಸ್ ಪ್ಲಸ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 'ಮೀನು' ಅಂತ ಒಂದು ಕ್ಲಾಸ್ ಬರೆದೆ. ಕ್ಲಾಸ್ ಅಂದರೆ ಒಂದು ಮೀನಿನ ಹೆಸರು, ರೇಟು ಒಟ್ಟಿಗೆ ಇಡುವ ಅಚ್ಚು. ಎರಡು ಸಂಖ್ಯೆ ಕೊಟ್ಟರೆ ಯಾವುದು ಚಿಕ್ಕದು ಎಂದು ಕಂಪ್ಯೂಟರಿಗೆ ಗೊತ್ತು. ಎರಡು ಮೀನು ಕೊಟ್ಟರೆ ಪಿಳಿಪಿಳಿ ನೋಡುತ್ತದೆ. ಮೀನಿನ ಮಟ್ಟಿಗೆ < ಗುರುತಿನ ಅರ್ಥವೇನು ಅಂತ ನಾವೇ ಹೇಳಿಕೊಡಬೇಕು. ಇದೇ ಆಪರೇಟರ್ ಓವರ್‌ಲೋಡಿಂಗ್. ರೇಟು ಕಡಿಮೆ ಇದ್ದ ಮೀನೇ ಚಿಕ್ಕದು ಎಂದು ಒಂದು ಸಾಲು ಬರೆದು, ಎಲ್ಲವನ್ನೂ ಒಂದು ಸೆಟ್‌ಗೆ, ಅಂದರೆ ಚಿಕ್ಕದರಿಂದ ದೊಡ್ಡದಕ್ಕೆ ತಾನೇ ಜೋಡಿಸಿ, ಒಂದೇ ಥರದ್ದು ಎರಡು ಇಟ್ಟುಕೊಳ್ಳದ ಬುಟ್ಟಿಗೆ ತುಂಬಿಸಿದೆ. ಅಗ್ಗದ್ದು ಮೇಲೆ, ಅಂಜಲ್ ಕೊನೆಗೆ.

ಅಮ್ಮ ಕನ್ನಡಕ ಏರಿಸಿ ನೋಡಿದರು. "ಬೂತಾಯಿ ಕಾಣೆ" ಎಂದರು.

"ಕಾಣೆ ಉಂಟಲ್ಲ, ಮೂರನೇ ಸಾಲಲ್ಲಿ."

"ಕಾಣೆ ಮೀನಿನ ಮಾತಲ್ಲ ಮಾರಾಯ! ಬೂತಾಯಿಯೇ ಇಲ್ಲ ಇದರಲ್ಲಿ."

ಹೌದು, ಇರಲಿಲ್ಲ. ಅವತ್ತು ಬಂಗುಡೆಗೂ ಬೂತಾಯಿಗೂ ಕಿಲೋಗೆ 200 ರೂಪಾಯಿ. ಸೆಟ್ ಎಂಬ ಪ್ರಾಣಿ, ಎರಡೂ ಸಮವಾ ಎಂದು ಕೇಳುವ == ಗುರುತಿನ ಮುಖವನ್ನೇ ನೋಡುವುದಿಲ್ಲ. ಇದು ಅದಕ್ಕಿಂತ ಚಿಕ್ಕದಾ? ಅಲ್ಲ. ಅದು ಇದಕ್ಕಿಂತ ಚಿಕ್ಕದಾ? ಅಲ್ಲ. ಹಾಗಾದರೆ ಎರಡೂ ಒಂದೇ, ಎರಡನೆಯದು ಬೇಡ ಅಂತ ಬೂತಾಯಿಯನ್ನು ಬಾಗಿಲಿನಿಂದಲೇ ವಾಪಸು ಕಳಿಸಿತ್ತು. ಬಂಗುಡೆಯೂ ಬೂತಾಯಿಯೂ ಒಂದೇ ಎಂದು ನಮ್ಮೂರಲ್ಲಿ ನಿಂತು ಹೇಳುವ ಧೈರ್ಯ ಬೇರೆ ಯಾರಿಗುಂಟು?

ನನ್ನ ಬುದ್ಧಿ ಸ್ವಲ್ಪ ಜಾಸ್ತಿಯೇ ಚುರುಕು. < ಇದ್ದಲ್ಲಿ <= ಹಾಕಿದೆ. ಬೂತಾಯಿ ಬಂತು! ಆದರೆ ಬೂತಾಯಿ ಹುಡುಕು ಎಂದರೆ 'ಇಲ್ಲ' ಎಂದಿತು. ಬಂಗುಡೆ? ಇಲ್ಲ. ಅಂಜಲ್? ಅದೂ ಇಲ್ಲ. ಮೀನು ಕಣ್ಣೆದುರೇ ಮಲಗಿದೆ, ಲೆಕ್ಕಕ್ಕೆ ಮಾತ್ರ ಇಲ್ಲ. ಪಿಂಚಣಿಗೆಂದು ಎದುರು ಬಂದು ನಿಂತ ಅಜ್ಜನ ಹತ್ತಿರ ಬದುಕಿದ್ದಕ್ಕೆ ಸರ್ಟಿಫಿಕೇಟ್ ಕೇಳಿದ ಹಾಗೆ. ಯಾವುದೂ ತನಗಿಂತ ತಾನೇ ಚಿಕ್ಕದಾಗಬಾರದು ಎಂಬುದು ಅಲ್ಲಿಯ ಷರತ್ತು. ಸಮ ಇದ್ದರೂ ಚಿಕ್ಕದೇ ಎಂದು ಹೇಳಿಕೊಟ್ಟು ನಾನು ಪ್ರತಿಯೊಂದು ಮೀನನ್ನೂ ಹಾಗೇ ಮಾಡಿಟ್ಟಿದ್ದೆ. ಷರತ್ತು ಮುರಿದವನಿಗೆ ಏನು ಬೇಕಾದರೂ ಆಗಬಹುದು, ಕೇಳುವವರಿಲ್ಲ.

ಕೊನೆಗೆ ಕೈ ಹಿಡಿದದ್ದು ಸಿ ಪ್ಲಸ್ ಪ್ಲಸ್ 20 ಎಂಬ ಆವೃತ್ತಿಯಲ್ಲಿ ಬಂದ <=> ಗುರುತು. ಅದಕ್ಕೆ ಸ್ಪೇಸ್‌ಶಿಪ್ ಅನ್ನುತ್ತಾರೆ. ನನಗಂತೂ ಎರಡೂ ಕಡೆ ತಲೆ ಇರುವ ಬಂಗುಡೆಯ ಹಾಗೆ ಕಾಣುತ್ತದೆ. ಕ್ಲಾಸಿನಲ್ಲಿ ರೇಟು ಮೊದಲು, ಹೆಸರು ಆಮೇಲೆ ಬರೆದು, ಉಳಿದದ್ದು ನೀನೇ ನೋಡಿಕೋ ಎಂದರೆ ಸಾಕು. ಅದೇ ಕ್ರಮದಲ್ಲಿ ಹೋಲಿಸುತ್ತದೆ. ರೇಟು ಸಮ ಬಂದರೆ ಹೆಸರು.

"ಕಿವಿರು ಕೆಂಪುಂಟಾ ಇಲ್ವಾ ಎಲ್ಲಿ ಬರೆದಿದ್ದಿ?" ಎಂದು ಅಮ್ಮ ಕೇಳಿದರು. ಕೇಳಿಸದ ಹಾಗೆ ಕೂತೆ.

ಎಲ್ಲ ಸರಿಯಾಗುವಷ್ಟರಲ್ಲಿ ಜೂನ್ 1. ಇನ್ನು 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆದರೂ ಆಸೆ ತಡೆಯದೆ ಬೂತಾಯಿ ಹುಡುಕಿದೆ. 'ಉಂಟು' ಎಂದಿತು. ಅಡುಗೆಮನೆಯಲ್ಲಿ ಅಮ್ಮ ಒಣ ಸಿಗಡಿಯ ಡಬ್ಬಿ ತೆಗೆಯುತ್ತಿದ್ದರು.