ಬದಲಿ ಜಾಗದಲ್ಲಿ ಬಳ್ಳಿ ಇಲ್ಲ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನಮ್ಮ ಮನೆಗೆ ಅಡಿಕೆ ಹೊರುವ ಬುಟ್ಟಿ ಮಾಡಿಕೊಡುವುದು ಕೊರಗ ಎಂಬ ಆದಿವಾಸಿ ಸಮುದಾಯದ ಒಬ್ಬ ಅಜ್ಜಿ. ಹೋದ ಸಲ ತಂದ ಬುಟ್ಟಿಯ ಅಂಚು ಮುಟ್ಟಿ ನೋಡಿದೆ. ಮೊದಲಿನ ಬೂರು, ಅಂದರೆ ಕಾಡುಬಳ್ಳಿ, ಕಡಿಮೆ. ಅರ್ಧಕ್ಕರ್ಧ ಪ್ಲಾಸ್ಟಿಕ್ ಪಟ್ಟಿ. ಬಳ್ಳಿ ಇದ್ದ ಗುಡ್ಡೆಗೆ ಬೇಲಿ ಬಿತ್ತಂತೆ, ಒಳಗೆ ಈಗ ರಬ್ಬರ್. ಅಜ್ಜಿಗೆ ಕಾಲನಿಯಲ್ಲಿ ಒಂದು ತುಂಡು ಜಾಗ ಸಿಕ್ಕಿದೆ, ಓದಲು ಬಾರದ ಮಲಯಾಳದಲ್ಲಿ ಕಾಗದವೂ ಇದೆ.

ನನ್ನನ್ನು ಹೊರನಾಡ ಕನ್ನಡಿಗ ಅನ್ನುತ್ತಾರೆ. ಕರ್ನಾಟಕ ಶುರುವಾಗುವ ತಲಪಾಡಿ ಗಡಿಗೆ ಬಸ್ಸಲ್ಲಿ ಹೋಗಿ ಬಂದರೆ ಅರ್ಧ ದಿನವೂ ಬೇಡ, ಆದರೂ ಹೊರನಾಡು! ಕೊರಗರು ಎರಡೂ ಕಡೆ ಇದ್ದಾರೆ. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗಿನಿಂದ ಅವರಿಗೆ ಎರಡು ರಾಜ್ಯದ ಕಾನೂನು.

ಕೇರಳ 1975ರಲ್ಲಿ ಒಳ್ಳೆ ಕಾನೂನನ್ನೇ ಮಾಡಿತ್ತು. 1960ರಿಂದೀಚೆಗೆ ಆದಿವಾಸಿಗಳ ಕೈತಪ್ಪಿದ ಜಮೀನು ಅವರಿಗೇ ವಾಪಸ್. ನಿಯಮ ಬರೆಯುವಷ್ಟರಲ್ಲಿ 1986 ಬಂತು. 1999ರಲ್ಲಿ ಮಾತೇ ಬದಲಾಯಿತು: 2 ಹೆಕ್ಟೇರಿನೊಳಗಾದರೆ ಕೊಂಡವರೇ ಇಟ್ಟುಕೊಳ್ಳಲಿ, ಆದಿವಾಸಿಗೆ ಬೇರೆ ಕಡೆ ಅಷ್ಟೇ ಜಾಗ. 2009ರಲ್ಲಿ ಸುಪ್ರೀಂ ಕೋರ್ಟೂ ಇದನ್ನು ಒಪ್ಪಿತು.

ಕರ್ನಾಟಕದ 1978ರ ಕಾನೂನು ಹಠಮಾರಿ. ಪರಿಶಿಷ್ಟರಿಗೆ ಸರ್ಕಾರದಿಂದ ಮಂಜೂರಾದ ಜಮೀನನ್ನು ನಿಯಮ ಮೀರಿ ಕೊಂಡರೆ ಅದೇ ಜಮೀನು ಹಿಂದಕ್ಕೆ. ನನಗೆ ಈ ಹಠವೇ ಸರಿ ಅನಿಸುತ್ತದೆ. ಆದರೆ ಮಂಜೂರಾತಿಯನ್ನೇ ಕಾಣದ ಕೊರಗರಿಗೆ ಅದರಿಂದೇನು ಬಂತು?

ವಿಶ್ವಸಂಸ್ಥೆಯ 2007ರ ಮೂಲನಿವಾಸಿಗಳ ಹಕ್ಕಿನ ಘೋಷಣೆ, ಅದರ 28ನೇ ವಿಧಿ, ಈ ಹಠದ ಪರವಾಗಿಯೇ ಇದೆ. ಒಪ್ಪಿಗೆಯಿಲ್ಲದೆ ಹೋದ ನೆಲ ಮೊದಲು ಮರಳಿ ಸಿಗಬೇಕು. ಸಾಧ್ಯವಾಗದಿದ್ದರೆ ಮಾತ್ರ ಬದಲಿ. ಅದೂ ಅಳತೆಯಲ್ಲಿ ಮಾತ್ರವಲ್ಲ, ಗುಣದಲ್ಲೂ ಸಮನಾಗಿರಬೇಕು. ಭಾರತ ಪರವಾಗಿ ಕೈ ಎತ್ತಿತು. ಜೊತೆಗೆ, ನಮ್ಮಲ್ಲಿ ಎಲ್ಲರೂ ಮೂಲನಿವಾಸಿಗಳೇ ಅಂತಲೂ ಅಂದಿತು. ಜಾಣತನ ಅಲ್ವಾ? ಘೋಷಣೆಯನ್ನು ಹಿಡಿದು ಕೋರ್ಟಿಗೆ ಹೋದರೂ ಅದಕ್ಕೆ ಕಾನೂನಿನ ಬಲವಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಬಳ್ಳಿ, ಜೇನು, ಬಿದಿರಿನ ಮೇಲೆ ಹಕ್ಕು ಕೊಡುತ್ತದೆ. ಆದರೆ ಅರಣ್ಯ ಭೂಮಿಯಲ್ಲಿ ಮಾತ್ರ. ಅಜ್ಜಿಯ ಗುಡ್ಡೆ ಯಾವ ದಾಖಲೆಯಲ್ಲೂ ಕಾಡಲ್ಲ. ಬಳ್ಳಿಗೆ ಇದೆಲ್ಲ ಗೊತ್ತಿರಲಿಲ್ಲ, ಸುಮ್ನೆ ಬೆಳೆದಿತ್ತು.

ಬುಟ್ಟಿಗೆ ಈ ಸಲ 40 ರೂಪಾಯಿ ಜಾಸ್ತಿ ಹೇಳಿದರು. ಪಟ್ಟಿಯನ್ನು ಅಂಗಡಿಯಿಂದ ತರಬೇಕಲ್ಲ.