ಹನ್ನೊಂದು ಜನರ ಬಾಡಿಗೆ ಮನೆ

ಬೆಂಗಳೂರಲ್ಲಿ ಸ್ವಂತ ಮನೆ ಮಾಡೋದು ಕಷ್ಟ ಅಂತ ನಾವು ಗೊಣಗುತ್ತೇವೆ. ಪಾಪ, ಬೆಂಗಳೂರು ಎಫ್‌ಸಿಯನ್ನು ನೋಡಿ. 2013ರಲ್ಲಿ ಹುಟ್ಟಿದ ಫುಟ್‌ಬಾಲ್ ಕ್ಲಬ್ಬು. ಆಡಿದ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಆಮೇಲೆ ಫೆಡರೇಷನ್ ಕಪ್, ಸೂಪರ್ ಕಪ್, ಐಎಸ್‌ಎಲ್, ಡುರಾಂಡ್ ಕಪ್ ಎಲ್ಲ ಬಂದವು. ಶೋಕೇಸ್ ತುಂಬಿದೆ. ಅದನ್ನು ಒರಗಿಸಿಡೋಕೆ ಸ್ವಂತದ್ದೊಂದು ಗೋಡೆ ಮಾತ್ರ ಇಲ್ಲ.

ಮೊದಲು ಇದ್ದದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ. ಚಿಕ್ಕ ಮನೆ, ಆದರೆ ಫುಟ್‌ಬಾಲ್‌ಗೆಂದೇ ಕಟ್ಟಿದ್ದು. 2014ರಲ್ಲಿ ದೊಡ್ಡ ಮನೆಗೆ ಹಾಲುಕ್ಕಿಸಿದರು: ಶ್ರೀ ಕಂಠೀರವ ಕ್ರೀಡಾಂಗಣ. 25 ಸಾವಿರ ಜನ ಕೂರಬಹುದು. ಸಣ್ಣದೊಂದು ತೊಂದರೆ ಅಷ್ಟೇ, ನಮಗೂ ಚೆಂಡಿಗೂ ನಡುವೆ 400 ಮೀಟರಿನ ಓಟದ ಟ್ರ್ಯಾಕ್ ಮಲಗಿದೆ. ಗೋಲ್ ಆಯ್ತೋ ಇಲ್ವೋ ಅಂತ ಪಕ್ಕದವರ ಮುಖ ನೋಡಿ ತಿಳ್ಕೋಬೇಕು.

ಅಭಿಮಾನಿಗಳು ಇದನ್ನು ಕೋಟೆ ಎನ್ನುತ್ತಾರೆ. ಬಾಡಿಗೆ ಕರಾರು ಇರುವ ಕೋಟೆ. ಪ್ರೀತಿಗೆ ಕೊರತೆಯಿಲ್ಲ ಬಿಡಿ, ಕಟ್ಟಾ ಅಭಿಮಾನಿಗಳು ಸೇರುವ ವೆಸ್ಟ್ ಬ್ಲಾಕ್‌ನಲ್ಲಿ ಒಮ್ಮೆ ನಿಂತು ನೋಡಿ. 2023ರಲ್ಲಿ ಬೆಂಗಳೂರಿನ ಸುನಿಲ್ ಛೆಟ್ರಿಯ ಫ್ರೀ ಕಿಕ್ ಗೋಲಿಗೆ ಮುನಿಸಿಕೊಂಡು ಕೇರಳ ಬ್ಲಾಸ್ಟರ್ಸ್ ತಂಡದ ನೆಂಟರು ಆಟದ ನಡುವೆಯೇ ಎಲೆ ಬಿಟ್ಟು ಎದ್ದು ಹೋದದ್ದೂ ಇದೇ ಮನೆಯಿಂದ.

ಮನೆ ಮಾಲೀಕರು ಕ್ರೀಡಾ ಇಲಾಖೆ. ಅದೇ ಮನೆಯಲ್ಲಿ ಅಥ್ಲೀಟ್‌ಗಳೂ ಇದ್ದಾರೆ, ಇವರಿಗಿಂತ ಹಳಬರು. ಅವರ ಜಾವೆಲಿನ್ ಬಂದು ಬೀಳಬೇಕಾದದ್ದು ಇವರು ಆಡುವ ಹುಲ್ಲಿನ ಮೇಲೇ. ಹುಲ್ಲಿಗೆ ತೂತು ಬಿದ್ದರೆ ಇವರಿಗೆ ಸಂಕಟ, ಮ್ಯಾಚ್ ಅಂತ ಗೇಟು ಹಾಕಿದರೆ ಅವರಿಗೆ ಸಂಕಟ. ಇಬ್ಬರದೂ ನ್ಯಾಯವೇ. ಒಂದೇ ಬಚ್ಚಲಿಗೆ ಎರಡು ಸಂಸಾರ ಸೇರಿಸಿದವರನ್ನು ಬಿಟ್ಟು, ಸಂಸಾರಗಳೇ ಹೈಕೋರ್ಟ್ ಮೆಟ್ಟಿಲು ಹತ್ತಿದವು. 2019ರಲ್ಲಿ ಬೆಂಗಳೂರು ತಂಡದ ತವರು ಪುಣೆಯಾಗುತ್ತೆ ಅನ್ನುವ ಮಾತೂ ಬಂತು. ಗಂಡನ ಮನೆಯಲ್ಲಿ ಜಾಗ ಇಲ್ಲದಿದ್ದರೆ ತವರಿಗೆ ಹೋಗೋದು ಕೇಳಿದ್ದೆವು. ತವರೇ ಗಂಟು ಕಟ್ಟೋದು ಹೊಸದು.

ಇವರಿಬ್ಬರ ಜಗಳದ ನಡುವೆ, ಯಾವ ಆಟವನ್ನೂ ಆಡದ ಮೂರನೆಯವರು ಬರುತ್ತಾರೆ. ಸಿದ್ದರಾಮಯ್ಯನವರು 2013ರಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡದ್ದು ಇಲ್ಲೇ. 2023ರಲ್ಲೂ ಇಲ್ಲೇ. ಶಾಮಿಯಾನ, ವೇದಿಕೆ, ಕುರ್ಚಿ, ಹಾರ. ಓಡುವವರು, ಒದೆಯುವವರು ದಿನಾಂಕಕ್ಕೆ ಕಾಯಬೇಕು. ಕೂರುವವರಿಗೆ ಕುರ್ಚಿ ತಕ್ಷಣ ಸಿಗುತ್ತದೆ.

ಅಸಲಿ ಓನರ್ ಬೇರೆಯೇ ಇದ್ದಾರೆ. ಈ ಸ್ಟೇಡಿಯಂ ಎದ್ದಿರೋದು ಸಂಪಂಗಿ ಕೆರೆಯ ಅಂಗಳದಲ್ಲಿ. ಅಷ್ಟು ದೊಡ್ಡ ಕೆರೆಯಲ್ಲಿ ಕರಗದ ವಿಧಿಗಳಿಗೆ ಅಂತ ಒಂದು ಪುಟ್ಟ ಕೊಳ ಉಳಿಸಿದ್ದಾರೆ. ನೀರಿಗೆ ಅಡ್ವಾನ್ಸ್ ವಾಪಸ್ ಕೊಟ್ಟ ದಾಖಲೆ ಇಲ್ಲ. 2023ರ ಜೂನ್‌ನಲ್ಲಿ ಇಲ್ಲೇ ನಡೆದ ದಕ್ಷಿಣ ಏಷ್ಯಾದ ಸ್ಯಾಫ್ ಫುಟ್‌ಬಾಲ್ ಟೂರ್ನಿಯಲ್ಲಿ ಭಾರತ ಪಾಕಿಸ್ತಾನವನ್ನು 4-0ರಿಂದ ಸೋಲಿಸಿದ ರಾತ್ರಿ ಮಳೆ ಸುರಿಯಿತು. ಮಳೆ ಅಂತ ಎಲ್ಲರೂ ಅಂದುಕೊಂಡರು. ಓನರ್ ಸುಮ್ನೆ ಮನೆ ನೋಡಿಕೊಂಡು ಹೋಗೋಕೆ ಬಂದಿದ್ದರು, ಅಷ್ಟೇ.

ನಮ್ಮ ಏರಿಯಾದ ಬ್ರೋಕರ್ ಹತ್ತಿರ ಮೊನ್ನೆ ವಿಚಾರಿಸಿದೆ.

‘ಒಂದು ಟೀಮಿಗೆ ಮನೆ ಬೇಕಿತ್ತು.’

‘ಬ್ಯಾಚುಲರ್ಸಾ, ಫ್ಯಾಮಿಲಿನಾ ಸಾರ್?’

‘ಹನ್ನೊಂದು ಜನ. ಹೊರಗೆ ಬೆಂಚಿನ ಮೇಲೆ ಇನ್ನೂ ಒಂಬತ್ತು ಜನ ಕೂತಿರ್ತಾರೆ.’

‘ರಾತ್ರಿ ಹತ್ತರ ಮೇಲೆ ಗಲಾಟೆ ಇರಬಾರ್ದು.’

‘ಗೆದ್ದರೆ ಹೇಳೋಕಾಗಲ್ಲ.’

ಅವನು ಸ್ವಲ್ಪ ಯೋಚಿಸಿದ. ‘ಅಗ್ರಿಮೆಂಟ್ ಹನ್ನೊಂದು ತಿಂಗಳಿಗೆ ಸಾರ್. ತಲೆಗೊಂದು ತಿಂಗಳು ಅಂದ್ಕೊಳ್ಳಿ. ಮಧ್ಯದಲ್ಲಿ ಸರ್ಕಾರ ಬದಲಾದರೆ ಮಾತ್ರ ಒಂದು ವಾರ ಮನೆ ಖಾಲಿ ಮಾಡ್ಕೊಡ್ಬೇಕು.’